ಪಿಕಪ್‌ಗೆ ಇನ್ವರ್ಟರ್: ಮೊದಲು ವೈರ್ ನೋಡಿ

ತೀರ್ಥಹಳ್ಳಿ ಸುತ್ತಮುತ್ತ ಬಾಗಿಲು, ಕಿಟಕಿ ಕೂರಿಸುವುದು ನನ್ನ ಕೆಲಸ. ಆಗುಂಬೆ ಕಡೆಯ ಒಂಟಿ ಮನೆಗಳಲ್ಲಿ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತೆಂದರೆ ಕರೆಂಟ್ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಅದಕ್ಕೇ ನನ್ನ ಬೊಲೆರೊ ಪಿಕಪ್‌ಗೆ, ಗಾಡಿಯ ಬ್ಯಾಟರಿಯಿಂದ ಮನೆಯ ಹಾಗೆ 230 ವೋಲ್ಟ್ ಕೊಡುವ 1000 ವ್ಯಾಟ್‌ನ ಇನ್ವರ್ಟರ್ ಹಾಕಿಸಿದೆ. ಡ್ರಿಲ್, ಜಿಗ್ ಸಾ, ಕಾರ್ಡ್‌ಲೆಸ್ ಬ್ಯಾಟರಿಗಳ ಚಾರ್ಜರ್, ಸಂಜೆಗೆ ಒಂದು ಲೈಟ್. ನನಗೆ ಇಷ್ಟು ಸಾಕು.

ನೋಡಿದವರೆಲ್ಲ ಎಷ್ಟು ವ್ಯಾಟ್, ಎಷ್ಟು ರೇಟು ಅಂತ ಕೇಳುತ್ತಾರೆ. ಯಾವ ವೈರ್ ಅಂತ ಯಾರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಲೆಕ್ಕ ಸುಲಭ. ಮನೆಯ 230 ವೋಲ್ಟ್‌ನಲ್ಲಿ 1000 ವ್ಯಾಟ್‌ಗೆ ನಾಲ್ಕೂವರೆ ಆಂಪ್ಸ್ ಕೂಡ ಬೇಕಾಗಲ್ಲ. ಗಾಡಿಯ ಬ್ಯಾಟರಿ 12 ವೋಲ್ಟ್. ಅದೇ ಸಾವಿರ ವ್ಯಾಟ್‌ಗೆ ಇಲ್ಲಿ 83 ಆಂಪ್ಸ್ ಬೇಕು. ಇನ್ವರ್ಟರ್ ಒಳಗೆ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಹತ್ತಿರ ಹತ್ತಿರ 100. ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪ್ಸ್‌ನದು. ಅದರಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡಬಹುದು, ಡ್ರಿಲ್ ತಿರುಗಿಸೋಕಾಗಲ್ಲ. ಹಾಗಾಗಿ ಬ್ಯಾಟರಿಯಿಂದಲೇ ನೇರವಾಗಿ ಲೈನ್ ಎಳೆಯಬೇಕು.

ಬಾನೆಟ್ ಒಳಗಿಂದ ಎಡ ಸೀಟಿನ ಹಿಂದಕ್ಕೆ ನಾನು 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆಸಿದ್ದೇನೆ. ಹೋಗಿಬರುವ ದಾರಿ ಸೇರಿ ಐದು ಮೀಟರ್. ಡ್ರಿಲ್ ಜೋರಾಗಿ ಎಳೆಯುವಾಗ ಮಲ್ಟಿಮೀಟರ್ ಇಟ್ಟು ನೋಡಿದರೆ ಬ್ಯಾಟರಿಗೂ ಇನ್ವರ್ಟರ್‌ಗೂ ನಡುವೆ 0.2 ವೋಲ್ಟ್ ಮಾತ್ರ ವ್ಯತ್ಯಾಸ. ಮನೆ ವೈರಿಂಗ್‌ನಲ್ಲಿ ಉಳಿದ 4 ಸ್ಕ್ವೇರ್ ಎಂಎಂ ವೈರ್ ಹಾಕಿದ್ದರೆ ಅದೇ ಲೋಡ್‌ಗೆ ಒಂದು ವೋಲ್ಟ್‌ಗೂ ಜಾಸ್ತಿ ದಾರಿಯಲ್ಲೇ ಹೋಗುತ್ತಿತ್ತು. ಮೂರು ಎಚ್‌ಪಿ ಪಂಪಿಗೆ ಅರ್ಧ ಇಂಚಿನ ಪೈಪ್ ಹಾಕಿದ ಹಾಗೆ. ವೋಲ್ಟೇಜ್ ಕುಸಿದು ಇನ್ವರ್ಟರ್ ಕೀಂ ಅಂತ ಕೂಗಿ ಆಫ್ ಆಗುತ್ತದೆ. ಅದಕ್ಕಿಂತ ಭಯ ಅಂದರೆ, ಸೀಟಿನ ಕೆಳಗೆ ವೈರ್ ಬಿಸಿಯಾಗುತ್ತಾ ಇರುತ್ತದೆ.

ಫ್ಯೂಸ್ ವಿಷಯದಲ್ಲಿ ನಮ್ಮ ಆಟೋ ಎಲೆಕ್ಟ್ರಿಷಿಯನ್ ಹೇಳಿದ ಮಾತು ನನಗೆ ತುಂಬಾ ಹಿಡಿಸಿತು. ಇನ್ವರ್ಟರ್ ಪಕ್ಕದಲ್ಲೇ ಇಟ್ಟರೆ ಬದಲಾಯಿಸೋಕೆ ಸುಲಭ ಅಲ್ವಾ ಅಣ್ಣ ಅಂತ ಕೇಳಿದೆ. "ಮಾರಾಯ, ಫ್ಯೂಸ್ ಇರೋದು ಇನ್ವರ್ಟರ್ ಕಾಯೋಕಲ್ಲ, ವೈರ್ ಕಾಯೋಕೆ. ನಡುವೆ ಎಲ್ಲಾದರೂ ವೈರ್ ಉಜ್ಜಿ ಬಾಡಿಗೆ ತಾಗಿದರೆ ಆ ತುದಿಯ ಫ್ಯೂಸ್ ಏನು ಮಾಡುತ್ತೆ? ಕರೆಂಟ್ ಅಲ್ಲಿಯವರೆಗೆ ಹೋಗೋದೇ ಇಲ್ಲ" ಅಂದರು. ಸರಿ, ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೇ 125 ಆಂಪ್ಸ್ ಫ್ಯೂಸ್ ಕೂತಿತು. ಕ್ಯಾಬಿನ್ ಗೋಡೆಯ ತೂತಿಗೆ ರಬ್ಬರ್ ಗ್ರಾಮೆಟ್. ಕೇಬಲ್ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಪಕ್ಕಡ್‌ನಲ್ಲಿ ಜಜ್ಜಲಿಲ್ಲ, ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿದರು.

ಕೊನೆಯ ಕೇಬಲ್ ಇನ್ವರ್ಟರ್‌ಗೆ ತಾಗಿಸುವಾಗ ಚಟ್ ಅಂತ ಒಂದು ಕಿಡಿ ಹಾರಿತು. ಒಳಗಿನ ಕೆಪಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳುವಾಗ ಹೀಗಾಗುತ್ತದೆ. ಬ್ಯಾಟರಿಯಿಂದ ಕಿಡಿಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಗ್ಯಾಸ್ ಬರುವುದರಿಂದ ಕೊನೆಯ ಜೋಡಣೆ ಅದರ ಹತ್ತಿರ ಇರಬಾರದು.

ಇನ್ವರ್ಟರ್ ಪ್ಯೂರ್ ಸೈನ್ ವೇವ್‌ನದೇ, ಅಂದರೆ ಮನೆ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದೇ ತಗೊಳ್ಳಿ. ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಅಗ್ಗದ ಮಾಡಿಫೈಡ್ ಸೈನ್ ವೇವ್‌ನಲ್ಲಿ ಮೋಟಾರ್ ಗುಂಯ್‌ಗುಡುತ್ತದೆ, ಬಿಸಿಯೂ ಜಾಸ್ತಿ. ಕೆಲವು ಚಾರ್ಜರ್‌ಗಳಿಗೂ ಅದು ಆಗಿಬರಲ್ಲ.

ಡ್ರಿಲ್ ಓಡುವಾಗ ಎಂಜಿನ್ ಸ್ಟಾರ್ಟ್‌ನಲ್ಲೇ ಇಡುತ್ತೇನೆ, ಅದೂ ಬಯಲಲ್ಲಿ. ಗಾಡಿಯ ಬ್ಯಾಟರಿ ಇರುವುದು ಸೆಲ್ಫ್ ಹೊಡೆಯೋಕೆ. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಮನೆಗೆ ಬಂದ ಮೇಲೆ ಇನ್ವರ್ಟರ್ ಸ್ವಿಚ್ ಆಫ್ ಮಾಡಲೇಬೇಕು, ಲೋಡ್ ಇಲ್ಲದಿದ್ದರೂ ಅದು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ.

ಮುಂದಿನ ಮಳೆಗಾಲಕ್ಕೆ ಮೊದಲು ಹಿಂದೆ ಬೇರೆಯೇ ಒಂದು ಡೀಪ್ ಸೈಕಲ್ ಬ್ಯಾಟರಿ (ಪದೇ ಪದೇ ಖಾಲಿ ಮಾಡಿದರೂ ತಡೆಯುವಂಥದ್ದು) ಇಟ್ಟು, ರಿಲೇ ಅನ್ನುವ ತಾನೇ ಆನ್-ಆಫ್ ಆಗುವ ಸ್ವಿಚ್ ಮೂಲಕ, ಎಂಜಿನ್ ತಿರುಗಿಸುವ ಆಲ್ಟರ್ನೇಟರ್‌ನಿಂದ ಚಾರ್ಜ್ ಮಾಡುವ ಯೋಚನೆ ಇದೆ. ಪಿಕಪ್‌ನಲ್ಲಿ ಹಾಗೆ ಮಾಡಿಸಿದವರು ಇದ್ದರೆ, ಬ್ಯಾಟರಿ ಎಲ್ಲಿ ಕೂರಿಸಿದಿರಿ ಅಂತ ದಯವಿಟ್ಟು ತಿಳಿಸಿ.