ಅಡಿಕೆ ಅಂಗಳದಲ್ಲಿ ಪಾಸ್ಕದ ಮೊಟ್ಟೆಗಳು

ಶುಭ ಶುಕ್ರವಾರಕ್ಕೂ ಪಾಸ್ಕ, ಅಂದರೆ ಈಸ್ಟರ್ ಭಾನುವಾರಕ್ಕೂ ನಡುವಿನ ಶನಿವಾರ ಮಕ್ಕಳ ಪಾಲಿಗೆ ಮುಗಿಯದ ದಿನ. ಅಂದು ಹಗಲು ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬಲಿಪೂಜೆ, ಅಂದರೆ ಮಾಸ್ ಇಲ್ಲ. ಗುರುವಾರ ಸಂಜೆ ನಿಂತ ಇಗರ್ಜಿಯ ಗಂಟೆ ಶನಿವಾರ ರಾತ್ರಿಯ ಜಾಗರಣೆವರೆಗೆ ಬಾರಿಸುವುದಿಲ್ಲ. ದೊಡ್ಡವರಿಗಾದರೆ ಕೆಲಸ ಉಂಟು: ಸಾನ್ನಾಂಗೆ (ಕಳ್ಳು ಹಾಕಿ ಉಬ್ಬಿಸುವ ಅಕ್ಕಿಯ ಇಡ್ಲಿ) ಅಕ್ಕಿ ನೆನೆಹಾಕಬೇಕು, ಕಳ್ಳು ತರಿಸಬೇಕು, ಮಾಂಸಕ್ಕೆ ಮಸಾಲೆ ಅರೆಯಬೇಕು. ಮಕ್ಕಳು ಮಾತ್ರ ಹಸಿದುಕೊಂಡು, ಟಿವಿಯೂ ಇಲ್ಲದೆ, ಅಂಗಳದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಳಕ್ಕೆ ತಿರುಗುತ್ತಾರೆ. ಈ ಕಾಯುವ ದಿನವನ್ನು ಅವರ ಕೈಗೇ ಒಪ್ಪಿಸಬೇಕು ಎಂದು ನನಗೆ ಬಹಳ ಕಾಲದಿಂದ ಅನಿಸುತ್ತಿತ್ತು. 2025ರಲ್ಲಿ ಅದು ಕೂಡಿಬಂತು.

ಆ ವರ್ಷ ಈಸ್ಟರ್ ಏಪ್ರಿಲ್ 20ಕ್ಕೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಎಂಬ ಲೆಕ್ಕದಲ್ಲಿ ಈ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ಏಪ್ರಿಲಿನಲ್ಲಿ ಬಿದ್ದರೆ ಕೇರಳದ ಗಡಿಯ ನಮ್ಮ ಕಾಸರಗೋಡಿನ ಶಾಲೆಗಳಿಗೆ ರಜೆ, ಗೇರುಬೀಜದ ಕಾಲ, ಅಂಗಳದ ತುಂಬ ಒಣಗುವ ಅಡಿಕೆ. ಆ ಸಲ ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದ ಮರುದಿನವೇ ವಿಷು, ಸೌರ ಹೊಸವರ್ಷ. ನಮ್ಮ ಮನೆಯ ಪೀಠದಲ್ಲಿ ಆಶೀರ್ವದಿಸಿದ ತೆಂಗಿನ ಗರಿ, ಪಕ್ಕದ ಭಟ್ಟರ ಮನೆಯಲ್ಲಿ ವಿಷುವಿನ ಬೆಳಿಗ್ಗೆ ಮೊದಲು ಕಾಣಲೆಂದು ಜೋಡಿಸಿದ ಕಣಿಯಲ್ಲಿ ಕೊಂದೆ ಹೂ, ಎರಡೂ ಒಂದೇ ವಾರ ಬಾಡಿದವು.

ನಮ್ಮ ಮನೆ 1890ರಲ್ಲಿ ಕಟ್ಟಿದ ಬೇಳ ಇಗರ್ಜಿಯ ಆಸುಪಾಸಿನಲ್ಲಿ. ಮುಂಬೈಯಿಂದ ಅಣ್ಣನ ಮಗಳು ಮತ್ತು ಮಗ ಬಂದಿದ್ದರು. ಅವರಿಗೆ ಈಸ್ಟರ್ ಎಂದರೆ ಬಾಂದ್ರಾದ ಬೇಕರಿಯ ಗಾಜಿನ ಕಪಾಟು. ಅಲ್ಲಿ ಗುಲಾಬಿ, ಹಳದಿ ಬಣ್ಣದ ಮಾರ್ಜಿಪಾನ್ (ಬಾದಾಮಿ ಇಲ್ಲವೇ ಗೋಡಂಬಿ ಪುಡಿಯ ಸಿಹಿ) ಮೊಟ್ಟೆಗಳು, ಮೇಲೆ ಸಕ್ಕರೆಯ ಹೂ. ಇಲ್ಲಿ ಅಂಥ ಅಂಗಡಿ ಇಲ್ಲ ಎಂದು ಅವರ ಮುಖ ಸಣ್ಣದಾಗಿತ್ತು. ಬೆಳಿಗ್ಗೆ ಭಟ್ಟರ ಮನೆಯ ಹುಡುಗಿ, ರಸ್ತೆಯಾಚೆಯ ಬ್ಯಾರಿಗಳ (ಕರಾವಳಿಯ ಮುಸ್ಲಿಮರ) ಮನೆಯ ಹುಡುಗ ಇಬ್ಬರೂ ಆಡಲಿಕ್ಕೆ ಬಂದರು. ನಾಲ್ಕು ಜನ ಸೇರಿದರು. ಕನ್ನಡ, ತುಳು, ಮಲಯಾಳ, ಹಿಂದಿ ಎಲ್ಲ ಕಲಸಿ ಅವರ ವ್ಯವಹಾರ ಶುರುವಾಯಿತು.

"ಈಸ್ಟರಿಗೆ ಮೊಲ ಮೊಟ್ಟೆ ತರ್ತದಂತೆ. ಮೊಲ ಮೊಟ್ಟೆ ಇಡ್ತದಾ ಆಂಟಿ?" ಎಂದು ಭಟ್ಟರ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಮೊಲದ ಕತೆ ಜರ್ಮನಿಯದು. 1682ರಷ್ಟು ಹಿಂದೆಯೇ ಅಲ್ಲಿನ ವೈದ್ಯರೊಬ್ಬರು ಮೊಲ ತಂದಿಡುವ ಮೊಟ್ಟೆಗಳನ್ನು ಮಕ್ಕಳು ಹುಲ್ಲಿನಲ್ಲಿ ಹುಡುಕುವ ಬಗ್ಗೆ ಬರೆದಿದ್ದರು. ಮೊಟ್ಟೆಯ ಕತೆ ಅದಕ್ಕಿಂತ ಹಳೆಯದು, ಅರ್ಥವೂ ಹೆಚ್ಚು. ಹಿಂದಿನ ಕಾಲದ ಯುರೋಪಿನಲ್ಲಿ ಈಸ್ಟರಿಗೆ ಮೊದಲಿನ ಉಪವಾಸದ ತಪಸ್ಸುಕಾಲದ ನಲವತ್ತು ದಿನ ಮಾಂಸದ ಜೊತೆ ಮೊಟ್ಟೆಯೂ ವರ್ಜ್ಯ. ಕೋಳಿಗೆ ಉಪವಾಸದ ಹಂಗಿಲ್ಲವಲ್ಲ, ಅದು ಇಡುತ್ತಲೇ ಹೋಯಿತು. ಕೂಡಿಬಿದ್ದ ಮೊಟ್ಟೆಗಳು ಹಬ್ಬದ ದಿನ ಬಣ್ಣ ಹಚ್ಚಿಕೊಂಡು ಹೊರಬಂದವು. ಮುಚ್ಚಿದ ಸಮಾಧಿಯಂತೆ ಕಾಣುವ ಚಿಪ್ಪಿನಿಂದ ಜೀವ ಹೊರಬರುವುದನ್ನು ಕ್ರೈಸ್ತರು ಪುನರುತ್ಥಾನದ ಗುರುತಾಗಿ ಕಂಡರು. ಇಷ್ಟು ಹೇಳಿದೆ. ಬ್ಯಾರಿಗಳ ಹುಡುಗ ಗಂಭೀರವಾಗಿ, "ಹಾಗಾದ್ರೆ ಮೊಲ ಬೇಡ, ನಮ್ಮ ಕೋಳಿ ಸಾಕು" ಎಂದು ತೀರ್ಮಾನ ಕೊಟ್ಟ.

ಬಣ್ಣದ ಪುಡಿಯ ಪೊಟ್ಟಣ ತರಲಿಲ್ಲ. ಈರುಳ್ಳಿ ಸಿಪ್ಪೆಯನ್ನು ಮಾಂಯ್ (ನಮ್ಮ ಅಮ್ಮ) ತಪಸ್ಸುಕಾಲ ಇಡೀ ಒಂದು ಚೀಲದಲ್ಲಿ ಒಟ್ಟು ಮಾಡಿಟ್ಟಿದ್ದಳು. ಪಾತ್ರೆಯ ಅರ್ಧದಷ್ಟು ಸಿಪ್ಪೆ ತುಂಬಿ, ನೀರು ಹಾಕಿ ಇಪ್ಪತ್ತು ನಿಮಿಷ ಕುದಿಸಿದರೆ ಗಾಢ ಕೆಂಗಂದು ಬಣ್ಣ ಇಳಿಯುತ್ತದೆ. ಅದಕ್ಕೆ ಎರಡು ಚಮಚ ವಿನೆಗರ್. ಹುಳಿ ಚಿಪ್ಪಿನ ಸುಣ್ಣವನ್ನು ತುಸುವೇ ತಿನ್ನುವುದರಿಂದ ಬಣ್ಣ ಹಿಡಿಯುತ್ತದೆ. ಇನ್ನು ಚಿತ್ತಾರ. ಮಕ್ಕಳನ್ನು ತೋಟಕ್ಕೆ ಅಟ್ಟಿದೆ, ಸಣ್ಣ ಚಂದದ ಎಲೆ ತನ್ನಿ ಎಂದೆ. ಒಂದೆಲಗ, ನಾಚಿಕೆ ಮುಳ್ಳಿನ ಎಲೆ, ಬಾವಿಕಟ್ಟೆಯ ಜರಿಗಿಡ, ಅಡುಗೆಮನೆಯ ಕೊತ್ತಂಬರಿ ಬಂದವು. ಹಸಿ ಮೊಟ್ಟೆಯನ್ನು ಒದ್ದೆ ಮಾಡಿ, ಎಲೆಯನ್ನು ಅಂಟಿಸಿ, ಹಳೆಯ ತೆಳು ಮುಂಡಿನ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ನೂಲು ಕಟ್ಟಬೇಕು. ಬಟ್ಟೆ ಸಡಿಲವಾದರೆ ಎಲೆಯ ಅಡಿಗೆ ಬಣ್ಣ ನುಗ್ಗುತ್ತದೆ. ಆ ಗಂಟುಗಳನ್ನು ಬಣ್ಣದ ನೀರಿನಲ್ಲಿ ಹನ್ನೆರಡು ನಿಮಿಷ ಬೇಯಿಸಿ, ಅದೇ ನೀರಿನಲ್ಲಿ ತಣಿಯಲು ಬಿಟ್ಟೆವು.

ಬಿಚ್ಚುವಾಗ ಯಾರೂ ಉಸಿರೆತ್ತಲಿಲ್ಲ. ನಾಚಿಕೆ ಮುಳ್ಳಿನ ಎಲೆಯ ಒಂದೊಂದು ಎಸಳೂ ಕೆಂಗಂದು ಚಿಪ್ಪಿನ ಮೇಲೆ ಬೆಳ್ಳಗೆ ಮೂಡಿತ್ತು. ಅಂಗಡಿಯ ಬಿಳಿ ಮೊಟ್ಟೆಯಲ್ಲಿ ಚಿತ್ರ ಸ್ಪಷ್ಟ. ಊರಕೋಳಿಯ ಮೊಟ್ಟೆಯ ಚಿಪ್ಪೇ ಕಂದು, ಅದರಲ್ಲಿ ಬಣ್ಣ ಇನ್ನೂ ಗಾಢವಾಗಿ, ಹಳೆಯ ಮರದ ಪೆಟ್ಟಿಗೆಯ ಹಾಗೆ ಕಂಡಿತು. ಕೈಯಲ್ಲಿ ಒಂದು ತೊಟ್ಟು ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಹೊಳಪು. ಅಣ್ಣನ ಮಗಳು ತನ್ನ ಮೊಟ್ಟೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತಾದರೂ ಕೆಳಗಿಡಲಿಲ್ಲ.

ಅರಸಿನ ನೀರಿನಲ್ಲಿ ಹಳದಿ ಸುಲಭ. ನೀಲಿಗೆ ಬೇಲಿಯ ಶಂಖಪುಷ್ಪ. ಎರಡು ಹಿಡಿ ಹೂವಿಗೆ ಬಿಸಿನೀರು ಹಾಕಿದರೆ ಶಾಯಿಯಂಥ ನೀಲಿ. ಇದಕ್ಕೆ ಮಾತ್ರ ವಿನೆಗರ್ ಹಾಕಬಾರದು. ಒಂದು ಲೋಟ ನೀಲಿ ನೀರಿಗೆ ಲಿಂಬೆ ಹಿಂಡಿ ತೋರಿಸಿದೆ, ಕಣ್ಣೆದುರೇ ನೇರಳೆಯಾಯಿತು. ಮತ್ತೆ ನಮ್ಮಲ್ಲಿದ್ದ ಲಿಂಬೆಗಳೆಲ್ಲ ಖಾಲಿ. ಬೇಯಿಸಿದ ಮೊಟ್ಟೆಯನ್ನು ಆ ನೀಲಿಯಲ್ಲಿ ಕೆಲವು ಗಂಟೆ, ಫ್ರಿಜ್ಜಿನ ಒಳಗೇ ಮುಳುಗಿಸಿ ಇಟ್ಟೆವು. ಏಪ್ರಿಲಿನ ಸೆಕೆಗೆ ಬೇಯಿಸಿದ ಮೊಟ್ಟೆ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ತಿನ್ನಬಾರದು. ತಿನ್ನುವುದೇ ಬೇರೆ, ಅಂಗಳದಲ್ಲಿ ಆಡುವುದೇ ಬೇರೆ ಎಂದು ಮೊದಲೇ ವಿಂಗಡಿಸುವುದು ಒಳ್ಳೆಯದು.

ಭಟ್ಟರ ಹುಡುಗಿ ಮೊಟ್ಟೆ ಮುಟ್ಟಲಿಲ್ಲ. ಅವರ ಮನೆಯ ಕ್ರಮ ಅದು, ಅವಳಿಗೂ ಮುಟ್ಟುವ ಆಸೆ ಇರಲಿಲ್ಲ. ಆದರೆ ಬಣ್ಣದ ಆಟದಿಂದ ಅವಳನ್ನು ಹೊರಗಿಡುವುದು ನನ್ನಿಂದ ಆಗದ ಮಾತು. ಉಪಾಯ ಅಂಗಳದಲ್ಲೇ ಬಿದ್ದಿತ್ತು. ಸಿಪ್ಪೆ ಸಹಿತ ಒಣಗಿದ ಅಡಿಕೆ ನೋಡಿದ್ದೀರಲ್ಲ, ಪುಟ್ಟ ಮೊಟ್ಟೆಯದೇ ಆಕಾರ! ಸುಣ್ಣದ ನೀರಿನಲ್ಲಿ ಒಂದು ಸಲ ಅದ್ದಿ ಒಣಗಿಸಿದರೆ ಬೆಳ್ಳಗಾಗುತ್ತದೆ. ಸುಣ್ಣ ನಾನು ಅದ್ದಿಕೊಟ್ಟೆ, ಮಕ್ಕಳ ಕೈಗೆ, ಕಣ್ಣಿಗೆ ಅದು ಆಗದು. ಅದರ ಮೇಲೆ ಅವಳು ಶಾಲೆಯ ಬಣ್ಣದ ಪೆಟ್ಟಿಗೆಯಿಂದ ಚುಕ್ಕಿ, ಬಳ್ಳಿ, ರಂಗೋಲಿ ಬಿಡಿಸಿದಳು. ಸೊಗಸೆಂದರೆ ಸೊಗಸು. ಉಳಿದ ಮೂವರೂ ಮೊಟ್ಟೆ ಬಿಟ್ಟು ಅಡಿಕೆಗೆ ಬಂದರು. ಈ ಅಡಿಕೆ ಮೊಟ್ಟೆ ಒಡೆಯುವುದಿಲ್ಲ, ಹಾಳಾಗುವುದಿಲ್ಲ, ಮುಂದಿನ ವರ್ಷಕ್ಕೂ ಇರುತ್ತದೆ. ಬಣ್ಣದ ಪ್ಲಾಸ್ಟಿಕ್ ಮೊಟ್ಟೆ ತರಿಸುವ ಮನೆಯವರೆಲ್ಲ ಒಂದು ಸಲ ಇದನ್ನು ಮಾಡಿ ನೋಡಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ.

ಮೊಟ್ಟೆ ಇಡಲು ಬುಟ್ಟಿ ಅಡಿಕೆ ಹಾಳೆಯದು. ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ಚರ್ಮದ ಹದಕ್ಕೆ ಬಾಗುತ್ತದೆ. ನಾಲ್ಕು ಮೂಲೆ ಮಡಚಿ, ಹಿಡಿಸೂಡಿ ಕಡ್ಡಿ ಚುಚ್ಚಿ ನಿಲ್ಲಿಸಿದರೆ ಆಯಿತು. ಒಳಗೆ ಬೈಹುಲ್ಲು. ತೆಂಗಿನ ಎಳೆ ಗರಿಯಲ್ಲಿ ಮಾಂಯ್ ಹಕ್ಕಿ, ಮೀನು, ಗಿರಿಗಿಟ್ಲೆ ಮಾಡಿಕೊಟ್ಟಳು. ಪೀಠದ ಗರಿಗೆ ಕೈಹಾಕಲು ಬಿಡಲಿಲ್ಲ. ಅದು ಆಟಕ್ಕಲ್ಲ. ಮುಂದಿನ ವರ್ಷ ಅಂಥ ಗರಿಗಳನ್ನೇ ಸುಟ್ಟು, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಬೂದಿ ಮಾಡುತ್ತಾರೆ.

ಗರಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಳಲ್ಲಿ, ರಾಜಪುರ, ವೆಳ್ಳರಿಕುಂಡು ಕಡೆ ತಿರುವಿತಾಂಕೂರಿನಿಂದ ಬಂದು ನೆಲೆಸಿದ ಕ್ರೈಸ್ತರಿದ್ದಾರೆ. ರಾಜಪುರದ ವಲಸೆ 1943ರದ್ದು. ಅವರ ಮನೆಗಳಲ್ಲಿ ಗುರುವಾರ ರಾತ್ರಿಯೇ ಪೆಸಹಾ ಅಪ್ಪ. ಅಕ್ಕಿ, ಉದ್ದು ಅರೆದು, ಹುಳಿ ಬರಿಸದೆ ಉಗಿಯಲ್ಲಿ ಬೇಯಿಸಿ, ಮೇಲೆ ಗರಿಗಳ ಭಾನುವಾರದ ಗರಿಯಿಂದ ಶಿಲುಬೆ ಇಡುತ್ತಾರೆ. ಮನೆಯ ಹಿರಿಯರು ಮುರಿದು, ದೊಡ್ಡವರಿಂದ ಚಿಕ್ಕವರವರೆಗೆ ಕ್ರಮವಾಗಿ ಹಂಚುತ್ತಾರೆ, ಜೊತೆಗೆ ಬೆಲ್ಲ ತೆಂಗಿನಹಾಲು. ಆ ವರ್ಷ ಸಾವಾದ ಮನೆಯಲ್ಲಿ ಅದನ್ನು ಮಾಡುವುದಿಲ್ಲ, ನೆರೆಯವರು ಕೊಂಡೊಯ್ದು ಕೊಡುತ್ತಾರೆ. ಒಂದೇ ಜಿಲ್ಲೆಯ ನಾವು ಬೇಳದವರು ಇದನ್ನು ಕಲಿತವರಲ್ಲ. ಮಕ್ಕಳ ಕೈಗೆ ಕೆಲಸ ಕೊಡುವ, ಎಲ್ಲರ ಬಾಯಿಗೆ ಒಂದು ತುಂಡು ಮುಟ್ಟಿಸುವ ಇಂಥ ಕ್ರಮ ನಮಗೂ ಬೇಕಿತ್ತು ಎಂದು ನನಗೆ ಆಸೆಯಾಗುತ್ತದೆ.

ಮಧ್ಯಾಹ್ನದ ಮೇಲೆ ಮಾರ್ಜಿಪಾನ್. ಪರದೇಶದ ಬಾದಾಮಿಯ ತಿಂಡಿ ಕರಾವಳಿಗೆ ಬಂದ ಮೇಲೆ ಗೋಡಂಬಿಯದಾಯಿತು, ಗೇರುಮರದ ಸೀಮೆಯಲ್ಲಿ ಬೇರೆ ದಾರಿಯೂ ಇಲ್ಲ. ಮಾಂಯ್ ಮಾಡುವ ಹಳೆಯ ಕ್ರಮದಲ್ಲಿ ಮೊಟ್ಟೆಯ ಬಿಳಿ ಸೇರುತ್ತದೆ. ಭಟ್ಟರ ಮನೆಗೂ ಹೋಗಬೇಕಲ್ಲ, ಅದಕ್ಕೆ ಬೇರೆ ಬಾಣಲೆಯಲ್ಲಿ, ಬೇರೆ ಸೌಟಿನಲ್ಲಿ ಸಕ್ಕರೆ ಪಾಕದಲ್ಲೇ ಮಾಡಿದೆವು. ಕಾಲು ಕಿಲೋ ಗೋಡಂಬಿಯನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ಪುಡಿ ಮಾಡಬೇಕು, ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. 150 ಗ್ರಾಂ ಸಕ್ಕರೆಗೆ ಮುಳುಗುವಷ್ಟು ನೀರು, ಒಂದೆಳೆ ಪಾಕ. ಸಣ್ಣ ಉರಿಯಲ್ಲಿ ಪುಡಿ ಸೇರಿಸಿ, ತಳ ಬಿಡುವವರೆಗೆ ಕೈಯಾಡಿಸಿ, ಒಂದು ಚಮಚ ಪನ್ನೀರು. ಬೆಚ್ಚಗಿರುವಾಗಲೇ ತುಪ್ಪ ಸವರಿದ ಕೈಯಲ್ಲಿ ನಾದಿದರೆ ಬೆಣ್ಣೆಯಷ್ಟು ನುಣುಪು ಬರುತ್ತದೆ. ಬೀಟ್‌ರೂಟ್ ರಸದ ನಾಲ್ಕು ತೊಟ್ಟಿಗೆ ಗುಲಾಬಿ, ಚಿಟಿಕೆ ಅರಸಿನಕ್ಕೆ ಹಳದಿ. ಉರುಟಿ, ಒಂದು ಬದಿ ತುಸು ಚೂಪು ಮಾಡಿದರೆ ಮೊಟ್ಟೆ. ಮುಂಬೈಯ ಹುಡುಗ ಸಕ್ಕರೆ ಹೂವಿನ ಬದಲು ಗೋಡಂಬಿ ಚೂರು ಸಿಕ್ಕಿಸಿ, ಇದು ಬೇಕರಿಯದಕ್ಕಿಂತ ಮೇಲು ಎಂದ. ಮೇಲು ಹೌದು. ಒಂದು ಎಚ್ಚರ: ತೋಟದಲ್ಲಿ ಹೆಕ್ಕಿದ ಗೇರುಬೀಜವನ್ನು ಹಸಿಯಾಗಿ ಒಡೆಯಲು ಮಕ್ಕಳಿಗೆ ಕೊಡಬಾರದು, ಸಿಪ್ಪೆಯ ಸೊನೆ ಚರ್ಮ ಸುಡುತ್ತದೆ.

ಚಾಕೊಲೇಟ್ ಮೊಟ್ಟೆಗಾಗಿ ಮೊದಲು ಮಕ್ಕಳನ್ನು ಕೋಕೋ ಗಿಡದ ಬುಡಕ್ಕೆ ಕರೆದುಕೊಂಡು ಹೋದೆ. ಹಳದಿಯಾದ ಒಂದು ಕಾಯಿ ಒಡೆದು, ಬೀಜದ ಸುತ್ತಲಿನ ಬಿಳಿ ತಿರುಳನ್ನು ಚೀಪಲು ಕೊಟ್ಟೆ. ಹುಳಿಸಿಹಿ, ಘಮ. ಚಾಕೊಲೇಟಿನ ರುಚಿಯ ಸುಳಿವೂ ಇಲ್ಲ. ಬೀಜವನ್ನು ಐದಾರು ದಿನ ಹುದುಗಿಸಿ, ಒಣಗಿಸಿ, ಹುರಿದ ಮೇಲೆಯೇ ಆ ರುಚಿ ಹುಟ್ಟುವುದು. ನಮ್ಮ ಅಪ್ಪನ ಕಾಲದಲ್ಲಿ ಕೋಕೋ ಬೆಲೆ ನೆಲಕಚ್ಚಿ, ಕೊಳ್ಳುವವರೇ ಇಲ್ಲದಾದಾಗ 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಆಯಿತು. ಗಡಿಯ ಈಚೆಯ ನಮ್ಮ ಬೀಜವೂ ಅಲ್ಲಿಗೆ ಹೋಗುತ್ತದೆ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಫ್ರೈ ಕಂಪನಿ 1873ರಲ್ಲಿ ಚಾಕೊಲೇಟ್ ಮೊಟ್ಟೆ ಮಾಡಿತ್ತು. ನಮ್ಮದು ನಮ್ಮ ಗಿಡದ ನೆಂಟಸ್ತಿಕೆಯ ಚಾಕೊಲೇಟಿನಿಂದ ಆಗಲಿ ಎಂದು ಪುತ್ತೂರಿನದೇ ತಂದಿದ್ದೆ.

ಅಚ್ಚು ಬೇಕಿಲ್ಲ, ಮೊಟ್ಟೆಯ ಚಿಪ್ಪೇ ಅಚ್ಚು. ಅಗಲದ ತುದಿಯಲ್ಲಿ ಬೆರಳು ಹೋಗುವಷ್ಟು ತೂತು ಮಾಡಿ, ಒಳಗಿನದನ್ನು ಕೇಕಿಗೆ ಸುರಿದು, ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಚೆನ್ನಾಗಿ ಒಣಗಿಸಬೇಕು. ಅಕ್ಕಿ ತುಂಬಿದ ಲೋಟದಲ್ಲಿ ಚಿಪ್ಪನ್ನು ನೆಟ್ಟಗೆ ನಿಲ್ಲಿಸಿ, ಬಿಸಿನೀರಿನ ಪಾತ್ರೆಯ ಮೇಲೆ ಕರಗಿಸಿದ ಚಾಕೊಲೇಟ್ ಹೊಯ್ಯುವುದು. ಒಂದು ಮೊಟ್ಟೆಗೆ ಸುಮಾರು 60 ಗ್ರಾಂ. ಕರಗಿಸುವಾಗ ಒಂದು ಹನಿ ನೀರು ಬಿದ್ದರೂ ಚಾಕೊಲೇಟ್ ಗಂಟುಕಟ್ಟುತ್ತದೆ, ಆದ್ದರಿಂದ ಆ ಕೆಲಸ ದೊಡ್ಡವರದೇ. ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗುವಂಥದ್ದು, ನಮ್ಮ ಏಪ್ರಿಲಿನ ಮಧ್ಯಾಹ್ನವೂ ಅದೇ ಅಳತೆಯದು. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ತಿನ್ನುವಾಗಲೇ ಚಿಪ್ಪು ಸುಲಿಯಬೇಕು.

ತಿನ್ನುವುದು ಭಾನುವಾರವೇ ಎಂಬುದರಲ್ಲಿ ನಾನು ಸಡಿಲ ಬಿಡಲಿಲ್ಲ. ಸಂಜೆ ಸಣ್ಣ ಮೇಣದ ಬತ್ತಿಗೆ ಮಕ್ಕಳು ವರ್ಷದ ಅಂಕಿ ಕೊರೆದು, ಇಗರ್ಜಿಯ ಪಾಸ್ಕ ದೀಪದಲ್ಲಿ ಐದು ಧೂಪದ ಕಾಳು ಇಡುವ ಹಾಗೆ ಐದು ಲವಂಗ ಚುಚ್ಚಿದರು. ರಾತ್ರಿ ಜಾಗರಣೆಯಲ್ಲಿ ಹೊಸ ಬೆಂಕಿಯಿಂದ ಹತ್ತಿದ ಜ್ವಾಲೆ ಕೈಯಿಂದ ಕೈಗೆ ಬರುವಾಗ ಅಣ್ಣನ ಮಗಳು ತನ್ನದೇ ಬತ್ತಿ ಚಾಚಿದಳು. ಮಹಿಮಾಗೀತೆಗೆ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದಾಗ ಅವಳ ತಮ್ಮ ನನ್ನ ಕಿವಿಯಲ್ಲಿ, "ಈಗ ತಿನ್ಬಹುದಾ?" ಎಂದ.

ಭಾನುವಾರ ಬೆಳಿಗ್ಗೆ ಅಡಿಕೆ ಮೊಟ್ಟೆಗಳನ್ನು ಅಂಗಳದ ಅಡಿಕೆ ರಾಶಿಯಲ್ಲೇ ಅಡಗಿಸಿದೆವು. ಸಾವಿರಾರು ಅಡಿಕೆಯ ನಡುವೆ ಬಣ್ಣದ್ದನ್ನು ಹುಡುಕುವುದು ಸುಲಭವಲ್ಲ, ಮಕ್ಕಳು ಬಿಸಿಲೇರುವವರೆಗೆ ಹುಡುಕಿದರು. ಅಡಿಕೆಯನ್ನು ಒಮ್ಮೆ ಮೇಲೆ ಕೆಳಗೆ ಮಾಡಿಸಿದ ಹಾಗೂ ಆಯಿತು ಎಂದು ಅಣ್ಣನಿಗೆ ಖುಷಿ. ಮಾರ್ಜಿಪಾನ್ ಹಾಳೆ ಬುಟ್ಟಿಯಲ್ಲಿ ಭಟ್ಟರ ಮನೆಗೆ ಹೋಯಿತು, ಚಾಕೊಲೇಟ್ ಮತ್ತು ಎಲೆಚಿತ್ತಾರದ ಮೊಟ್ಟೆ ರಸ್ತೆಯಾಚೆಗೆ. ಭಟ್ಟರ ಮನೆಯ ಅಮ್ಮ ಸಂಜೆ ಖಾಲಿ ಬುಟ್ಟಿಯಲ್ಲಿ ಹಲಸಿನಕಾಯಿ ಹಪ್ಪಳ ತುಂಬಿಸಿ ತಂದು, ಪಾಕ ಎಷ್ಟೆಳೆ, ಗೋಡಂಬಿ ಹುರಿಯಬೇಕಾ ಬೇಡವಾ ಎಂದು ಕೇಳಿ ಬರೆದುಕೊಂಡರು. ಹುರಿಯಬಾರದು, ಬಣ್ಣ ಮಂಕಾಗುತ್ತದೆ. ಉಳಿದ ಮೊಟ್ಟೆಗಳನ್ನು ಮಾಂಯ್ ಸುಲಿದು ತೆಂಗಿನಹಾಲಿನ ಸಾರಿಗೆ ಹಾಕಿದಳು, ಸಾನ್ನಾಂ ಜೊತೆ ಅದೇ ರಾತ್ರಿಯ ಊಟ. ಚಿಪ್ಪು ಪುಡಿಯಾಗಿ ಮಲ್ಲಿಗೆ ಬುಡಕ್ಕೆ.