ಸ್ಟ್ಯಾಂಪ್ ಇಲ್ಲದ ಲಕೋಟೆ

ಕಳೆದ ಭಾನುವಾರ ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ಒಂದು ಹಳೇ ಲಕೋಟೆ ತೋರಿಸಿದೆ. ಅಪ್ಪ ತೀರ್ಥಹಳ್ಳಿ ಕಡೆ ವರ್ಷಗಟ್ಟಲೆ ಸಬ್ ಪೋಸ್ಟ್‌ಮಾಸ್ಟರ್ ಆಗಿದ್ದವರು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು. "ಸ್ಟ್ಯಾಂಪ್ ಎಲ್ಲಿ ಮಾರಾಯ? ಇದು ಬೇರಿಂಗ್ ಲೆಟರ್. ಡಬಲ್ ವಸೂಲಿ ಮಾಡ್ಬೇಕಿತ್ತು" ಎಂದರು.

ಅಮೆರಿಕದ ಅಧ್ಯಕ್ಷರ ಹಳೇ ಸಹಿಗಳನ್ನು ಕೂಡಿಡೋದು ನನ್ನ ಹವ್ಯಾಸ. ನಾನು ಅದನ್ನು ಕೊಂಡದ್ದೇ ಸ್ಟ್ಯಾಂಪ್ ಇಲ್ಲ ಅಂತ. ಸ್ಟ್ಯಾಂಪ್ ಇರಬೇಕಾದ ಬಲ ಮೂಲೆಯಲ್ಲಿ, ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ‘ಜೆ. ಎ. ಗಾರ್‌ಫೀಲ್ಡ್, ಎಂ.ಸಿ.’ ಎಂದು ಸಹಿ ಇದೆ. ಎಂ.ಸಿ. ಅಂದರೆ ಮೆಂಬರ್ ಆಫ್ ಕಾಂಗ್ರೆಸ್. ಮುಂದೆ 1881ರಲ್ಲಿ ಅಮೆರಿಕದ 20ನೇ ಅಧ್ಯಕ್ಷರಾದ ಜೇಮ್ಸ್ ಗಾರ್‌ಫೀಲ್ಡ್ ಇವರೇ. ನಮ್ಮ ಒಹಾಯೊದವರು. ನಮ್ಮ ಅಂದೆ ನೋಡಿ, ಹನ್ನೆರಡು ವರ್ಷ ಇಲ್ಲಿದ್ದರೆ ಹೀಗೇ ಆಗೋದು.

ಆಗ ಅಧ್ಯಕ್ಷರು, ಕಾಂಗ್ರೆಸ್ ಸದಸ್ಯರು ಲಕೋಟೆಯ ಮೇಲೆ ತಮ್ಮ ಹೆಸರು ಬರೆದರೆ ಸಾಕು, ಕಾಗದ ಪುಕ್ಕಟೆ ಹೋಗುತ್ತಿತ್ತು. ಇದಕ್ಕೆ ಫ್ರೀ ಫ್ರ್ಯಾಂಕ್ ಅನ್ನುತ್ತಾರೆ. ಇಷ್ಟು ವಿವರಿಸಿದ ಮೇಲೂ ಅಪ್ಪನಿಗೆ ಸಮಾಧಾನ ಇಲ್ಲ. "ನಮ್ಮಲ್ಲಿ ಸರ್ಕಾರಿ ಕಾಗದಕ್ಕೂ ಸರ್ವೀಸ್ ಸ್ಟ್ಯಾಂಪ್ ಅಂಟಿಸ್ಬೇಕಿತ್ತು. ಸೀಲಲ್ಲಿ ವರ್ಷ ಬೇರೆ ಇಲ್ಲ!"

ಅದು ನಿಜ. ವಾಷಿಂಗ್ಟನ್ನಿನ ಆ ದುಂಡು ಸೀಲಿನಲ್ಲಿ ತಾರೀಕು, ತಿಂಗಳು ಮಾತ್ರ ಇದೆ. ಆದರೆ ಗಾರ್‌ಫೀಲ್ಡ್ ಕಾಂಗ್ರೆಸ್ಸಿಗೆ ಬಂದದ್ದು 1863ರಲ್ಲಿ. ಈ ಪುಕ್ಕಟೆ ಸೌಲಭ್ಯವನ್ನು ರದ್ದು ಮಾಡಿದ್ದು 1873ರಲ್ಲಿ. ಹಾಗಾಗಿ ಲಕೋಟೆ ಆ ಹತ್ತು ವರ್ಷದ ಒಳಗಿನದ್ದು. ರದ್ದು ಯಾಕೆ ಮಾಡಿದರು ಅಂತೀರಾ? ದುರುಪಯೋಗ. ಎಷ್ಟೋ ಸದಸ್ಯರು ಸಹಿ ಹಾಕುವ ಕೆಲಸವನ್ನೂ ಗುಮಾಸ್ತರಿಗೇ ಬಿಟ್ಟಿದ್ದರು. ಅದಕ್ಕೇ ನಾನು ಮೊದಲು ನೋಡೋದು ವಿಳಾಸವನ್ನು, ಸಹಿಯನ್ನಲ್ಲ. ಎರಡೂ ಒಂದೇ ಕೈಯದಾಗಿ, ಆ ಕೈಬರಹ ಅವರ ಬೇರೆ ಕಾಗದಗಳಿಗೂ ಹೊಂದಿದರೆ ಸ್ವಲ್ಪ ಧೈರ್ಯ.

ಈ ಬುದ್ಧಿ ಬಂದದ್ದು ದುಡ್ಡು ಕಳಕೊಂಡ ಮೇಲೆ. ಶುರುವಿನಲ್ಲಿ ಒಬ್ಬ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಒಂದು ಭೂಮಿ ಪತ್ರ ತೆಗೆದುಕೊಂಡೆ. ಅಂದರೆ ಸರ್ಕಾರ ತನ್ನ ಜಮೀನನ್ನು ಬರೆದುಕೊಡುವಾಗ ಅಧ್ಯಕ್ಷರ ಹೆಸರಿನಲ್ಲಿ ಕೊಡುತ್ತಿದ್ದ ಹಕ್ಕುಪತ್ರ. ಚರ್ಮದ ಹಾಳೆ, ಮೇಲೆ ಸರ್ಕಾರದ ಮೊಹರಿನ ಉಬ್ಬು, ಇಂಡಿಯಾನಾದ ಯಾರೋ ರೈತನಿಗೆ 80 ಎಕರೆ, ಇಸವಿ 1839. ಕೆಳಗೆ ದೊಡ್ಡದಾಗಿ ‘ಮಾರ್ಟಿನ್ ವ್ಯಾನ್ ಬ್ಯೂರನ್’. ಎಂಟನೇ ಅಧ್ಯಕ್ಷರು! 300 ಡಾಲರ್ ಕೊಟ್ಟೆ. ಫ್ರೇಮ್ ಹಾಕಿಸಲು ಮತ್ತೆ 90. ಹೆಂಡತಿಗೆ ಹೇಳಿದ್ದು ಮಾತ್ರ ಒಟ್ಟು 100 ಅಂತ.

ಗೋಡೆಗೆ ನೇತುಹಾಕಿ ವಾರವಾದ ಮೇಲೆ ಅವಳೇ ಕೇಳಿದಳು, "ರೀ, ಹೆಸರಿನ ಕೆಳಗೆ ಸಣ್ಣದಾಗಿ ಇನ್ನೊಂದು ಸಹಿ ಇದೆಯಲ್ಲಾ, ಅದು ಯಾರದ್ದು?" ಹತ್ತಿರ ಹೋಗಿ ಓದಿದೆ. ‘ಎ. ವ್ಯಾನ್ ಬ್ಯೂರನ್ ಇವರಿಂದ, ಕಾರ್ಯದರ್ಶಿ’ ಎಂದಿತ್ತು. ಎ. ಅಂದರೆ ಅಬ್ರಹಾಂ, ಅಧ್ಯಕ್ಷರ ಹಿರಿಮಗ. ಅಪ್ಪನ ಹೆಸರನ್ನು ಮಗ ಬರೆದು, ಕೆಳಗೆ ತನ್ನದೂ ಹಾಕಿದ್ದಾನೆ. ಏನೂ ಮುಚ್ಚಿಟ್ಟಿಲ್ಲ, ನಾನೇ ಓದಲಿಲ್ಲ ಅಷ್ಟೇ. ಆಮೇಲೆ ತಿಳಿಯಿತು: ಭೂಮಿ ಪತ್ರಗಳು ಸಹಿಗಾಗಿ ರಾಶಿ ಬೀಳುತ್ತಿದ್ದವು. ಆಂಡ್ರ್ಯೂ ಜಾಕ್ಸನ್ ಕಾಲದಲ್ಲಿ, 1833ರಲ್ಲಿ, ಅಧ್ಯಕ್ಷರ ಪರವಾಗಿ ಕಾರ್ಯದರ್ಶಿ ಸಹಿ ಹಾಕಬಹುದು ಎಂದು ಕಾನೂನೇ ಆಯಿತು. ಜಾಕ್ಸನ್ ಪರವಾಗಿ ಹಾಕುತ್ತಿದ್ದವರು ಅವರ ಹೆಂಡತಿಯ ಸೋದರನ ಮಗ ಡೊನೆಲ್ಸನ್. ಮನೆಯವರೇ ಎಲ್ಲ. ಆಮೇಲಿನ ಭೂಮಿ ಪತ್ರವನ್ನು ಯಾರಾದರೂ ‘ಅಧ್ಯಕ್ಷರ ಸ್ವಂತ ಸಹಿ’ ಅಂತ ಮಾರಿದರೆ ಸುಮ್ನೆ ನಕ್ಕು ಮುಂದೆ ಹೋಗಿ. ವ್ಯಾಪಾರಿ ದುಡ್ಡು ವಾಪಸ್ ಕೊಡಲಿಲ್ಲ. ಪತ್ರ ಈಗ ಚಪ್ಪಲಿ ಸ್ಟ್ಯಾಂಡಿನ ಮೇಲುಗಡೆ ತೂಗುತ್ತಿದೆ.

20ನೇ ಶತಮಾನದ ಸಹಿಗಳ ಸಹವಾಸಕ್ಕೆ ನಾನು ಹೋಗೋದಿಲ್ಲ. ಕೆನಡಿ ಕಾಲಕ್ಕಾಗಲೇ ಸಹಿಯನ್ನು ನಕಲು ಮಾಡಿ ಬರೆಯುವ ಆಟೊಪೆನ್ ಯಂತ್ರದ ಕೆಲಸ ಜೋರಾಗಿತ್ತು. ಎರಡು ಸಹಿಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಗೆರೆಗೆ ಗೆರೆ ಕೂತರೆ, ಅದು ಮನುಷ್ಯರ ಕೈಯಲ್ಲ. ನನ್ನ ಬ್ಯಾಂಕಿನ ಸಹಿಯೇ ಎರಡು ಸಲ ಒಂದೇ ಥರ ಬರೋದಿಲ್ಲ, ಅಲ್ವಾ?

ಗಾರ್‌ಫೀಲ್ಡ್ ಮೇಲೆ ನನಗೆ ಪ್ರೀತಿ ಜಾಸ್ತಿ. ಮೆಂಟರ್ ಊರಿನ ಅವರ ಮನೆಗೆ ಮೂರು ಸಲ ಹೋಗಿದ್ದೇನೆ. ಅಧ್ಯಕ್ಷರಾಗಿ ಬರೀ ಆರೂವರೆ ತಿಂಗಳು ಇದ್ದರು. ಅದರಲ್ಲೂ ಜುಲೈ 2ರಂದು ಗುಂಡೇಟು ತಿಂದ ಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ, ಸೆಪ್ಟೆಂಬರ್ 19ಕ್ಕೆ ತೀರಿಕೊಂಡರು. ಹಾಗಾಗಿ ಅಧ್ಯಕ್ಷರಾಗಿದ್ದಾಗಿನ ಅವರ ಸಹಿಗೆ ನನ್ನಂಥವರು ಆಸೆಪಡುವ ಹಾಗೇ ಇಲ್ಲ. ಮಲಗಿದಲ್ಲಿಂದಲೇ ಆಗಸ್ಟ್ 11ರಂದು ಒಹಾಯೊದಲ್ಲಿದ್ದ ತಾಯಿಗೆ ಒಂದು ಸಣ್ಣ ಕಾಗದ ಬರೆದಿದ್ದರು. ಜನ ಏನೇನೋ ಹೇಳ್ತಾರೆ, ಗಾಬರಿ ಆಗಬೇಡ, ದಿನೇ ದಿನೇ ಸುಧಾರಿಸುತ್ತಿದ್ದೇನೆ ಎಂಬ ಅರ್ಥದ್ದು. ಊರಲ್ಲಿರುವ ಅಮ್ಮನಿಗೆ ಜ್ವರದ ಸುದ್ದಿ ಮುಚ್ಚಿಟ್ಟು "ಚೆನ್ನಾಗಿದ್ದೀನಿ" ಅನ್ನುವ ನಮ್ಮಂಥವರಿಗೆ ಆ ಕಾಗದ ಬೇಗ ಅರ್ಥವಾಗುತ್ತದೆ.

ನನ್ನ ಹತ್ತಿರ ಇರುವ ಇನ್ನೊಂದು ಲಕೋಟೆ ಅವರ ಹೆಂಡತಿ ಲುಕ್ರೀಷಿಯಾ ಅವರದ್ದು. ಅಧ್ಯಕ್ಷರು ತೀರಿಕೊಂಡರೆ ಅವರ ಪತ್ನಿಗೆ ಪುಕ್ಕಟೆ ಅಂಚೆ ಕೊಡುವ ಪದ್ಧತಿ 1800ರಲ್ಲಿ ಮಾರ್ತಾ ವಾಷಿಂಗ್ಟನ್ ಅವರಿಂದ ಶುರುವಾಯಿತು. ಅದೇ ಸೌಲಭ್ಯ ಇವರಿಗೂ ಸಿಕ್ಕಿತ್ತು. ಸಣ್ಣ ಲಕೋಟೆ, ಅಂಗೈಯಷ್ಟು. ಒಳಗಿನ ಕಾಗದ ಎಲ್ಲೋ ಹೋಗಿದೆ. ಮೂಲೆಯಲ್ಲಿ ‘ಲುಕ್ರೀಷಿಯಾ ಆರ್. ಗಾರ್‌ಫೀಲ್ಡ್’ ಎಂದು ಬಳುಕುವ ಅಕ್ಷರ. ನಾಲ್ಕೂ ಅಂಚಿಗೆ ಕಡ್ಡಿಯಷ್ಟು ದಪ್ಪದ ಕಪ್ಪು ಪಟ್ಟಿ.

ಅದನ್ನೂ ಅವತ್ತೇ ಅಪ್ಪನಿಗೆ ತೋರಿಸಿದೆ. ಕಪ್ಪು ಅಂಚು ಯಾಕೆ ಅಂದರು. ಸೂತಕದ್ದು ಅಂದೆ. ಅಪ್ಪನ ಮುಖ ಬದಲಾಯಿತು. "ಸಾವಿನ ಕಾಗದ ಮನೆಯೊಳಗೆ ಇಟ್ಕೊಂಡಿದೀಯಾ? ನಮ್ಮಲ್ಲಿ ಬಾಗಿಲಲ್ಲೇ ಓದಿ ಹರಿದು ಬಿಸಾಕ್ತಿದ್ರು ಕಣೋ."

ಪಕ್ಕದಲ್ಲಿದ್ದ ಹೆಂಡತಿ ನನ್ನನ್ನೇ ನೋಡಿದಳು. ಲಕೋಟೆ ಈಗ ನನ್ನ ಆಫೀಸಿನ ಡ್ರಾಯರ್‌ನಲ್ಲಿದೆ.