ಅರ್ಧ ಸ್ಕಾಲರ್‌ಶಿಪ್

12 ಏಪ್ರಿಲ್ 2025, ಶನಿವಾರ

ಸ್ವಾತಿಗೆ ಸೀಟು ಸಿಕ್ಕಿತು. ಅಮೆರಿಕದಲ್ಲಿ, ಜಾಝ್ ಸ್ಯಾಕ್ಸೋಫೋನ್, ನಾಲ್ಕು ವರ್ಷದ ಕೋರ್ಸು. ಸ್ಕಾಲರ್‌ಶಿಪ್ಪೂ ಉಂಟು. ಕಾಗದದಲ್ಲಿ ಡಾಲರಿನ ಆ ದೊಡ್ಡ ಅಂಕಿ ನೋಡಿದ ಅವಳ ಅಪ್ಪ ಸುಂದರಣ್ಣ ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸಿ, ಪ್ರಸಾದ ಹಿಡಿದುಕೊಂಡೇ ಮಧ್ಯಾಹ್ನ ಇಲ್ಲಿಗೆ ಬಂದರು.

"ಅಕ್ಕ, ನಾವು ಕಟ್ಟಬೇಕಾದ್ದು ಇದರಲ್ಲಿ ಎಲ್ಲಿ ಬರೆದಿದ್ದಾರೆ?"

ಎಲ್ಲಿಯೂ ಬರೆದಿಲ್ಲ. ಕೊಡುವುದನ್ನು ದಪ್ಪಕ್ಷರದಲ್ಲಿ ಬರೆದಿದ್ದಾರೆ, ಉಳಿದದ್ದನ್ನು ನಾವೇ ಕಳೆದು ತಿಳಿದುಕೊಳ್ಳಬೇಕು. ಫೀಸು, ಊಟ, ವಸತಿ, ಇನ್ಶೂರೆನ್ಸ್ ಎಲ್ಲ ಸೇರಿ ವರ್ಷಕ್ಕೆ 70 ಸಾವಿರ ಡಾಲರ್ ದಾಟುತ್ತದೆ. ಅವರು ಬಿಡುವುದು ಫೀಸಿನ ಅರ್ಧ ಮಾತ್ರ. ಮಿಕ್ಕದ್ದು ವರ್ಷಕ್ಕೆ 40 ಲಕ್ಷ ರೂಪಾಯಿಯ ಹತ್ತಿರ. ನಾನು ಇದನ್ನು ಹೇಳಿದಾಗ ಸುಂದರಣ್ಣ "ನಾಲ್ಕು ವರ್ಷಕ್ಕಾ?" ಎಂದರು. ಅಲ್ಲ, ಒಂದು ವರ್ಷಕ್ಕೆ. ಇನ್ನೊಂದು ಸಂಗತಿ ಹೇಳಲು ನನಗೆ ಬಾಯಿ ಬರಲಿಲ್ಲ: ಸ್ಕಾಲರ್‌ಶಿಪ್ಪಿನ ಮೊತ್ತ ನಾಲ್ಕು ವರ್ಷವೂ ಅಷ್ಟೇ, ಫೀಸು ಮಾತ್ರ ವರ್ಷ ವರ್ಷ ಏರುತ್ತದೆ.

ಬ್ಯಾಂಕಿನಲ್ಲಿದ್ದಾಗ ಎಷ್ಟೋ ಮಕ್ಕಳ ಸಾಲದ ಅರ್ಜಿ ನೋಡಿದ್ದೇನೆ, ಎಲ್ಲ ಎಂಜಿನಿಯರಿಂಗ್, ಎಂಎಸ್. ಏಳೂವರೆ ಲಕ್ಷದವರೆಗೆ ಅಡವು ಬೇಡ, ಮೇಲಕ್ಕೆ ಹೋದರೆ ಮನೆಯೋ ಜಾಗವೋ ತೋರಿಸಬೇಕು. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ, ಆದರೆ ಬಡ್ಡಿ ಸುಮ್ಮನೆ ಕೂತಿರುವುದಿಲ್ಲ. ತಂದೆಯ ಆದಾಯ ಎಂಬ ಕಾಲಂ ಬಂದಾಗ ಸುಂದರಣ್ಣ ಏನು ಬರೆಸಬೇಕು? ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ ಮದುವೆ, ಜಾತ್ರೆ, ಭೂತಕೋಲಗಳಲ್ಲಿ ಊದುವುದು. ಆಮೇಲೆ ಮಳೆ. ಕೊಡುವವರು ವೀಳ್ಯದೆಲೆಯ ಮೇಲೆ ನೋಟು ಇಟ್ಟು ಕೊಡುತ್ತಾರೆ, ಅದಕ್ಕೆ ಸಂಬಳದವರಿಗೆ ಕೊಡುವ ಹಾಗೆ ಫಾರ್ಮ್ 16 ಯಾರು ಕೊಡುತ್ತಾರೆ?

ನಮ್ಮ ದೇಶದ ವಿದ್ಯಾರ್ಥಿವೇತನಗಳನ್ನು ನೋಡುವ ಎಂದು ಕೂತೆ. ಟಾಟಾದವರ ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಉಂಟು, ಅದೂ ಸಾಲವೇ, ಅದೂ ಡಿಗ್ರಿ ಮುಗಿಸಿದವರಿಗೆ. ಇನ್‌ಲ್ಯಾಕ್ಸ್ ಸಾಲವಲ್ಲ, ಆದರೆ ಅದೂ ಡಿಗ್ರಿ ಮುಗಿಸಿದವರಿಗೇ. ನಮ್ಮವರ ಲೆಕ್ಕದಲ್ಲಿ ಹೊರದೇಶಕ್ಕೆ ಹೋಗಬೇಕಾದ್ದು ಡಿಗ್ರಿಯ ಮೇಲೆ. ಸ್ಯಾಕ್ಸ್ ಊದುವ ಹುಡುಗಿ ಹೋಗಬೇಕಾದ್ದು ಹದಿನೆಂಟಕ್ಕೆ. ಅವಳಿಗೆ ಕೊಡುವವರು ಅಲ್ಲಿಯ ಕಾಲೇಜಿನವರೇ, ಅದೂ ಆಡಿಷನ್ ಕೇಳಿ.

ಸೆಕೆ ತಡೆಯಲಾಗುವುದಿಲ್ಲ. ಕರೆಂಟೂ ಇಲ್ಲ.

ಸಂಜೆ ಸ್ವಾತಿಯೇ ಬಂದಳು. ಆಡಿಷನ್ನಿನಲ್ಲಿ ಏನು ಕೇಳಿದರು ಎಂದೆ. ತಯಾರು ಮಾಡಿದ ಒಂದು ಪೀಸು, ಆಮೇಲೆ ಕಾರ್ಡ್ ಎಂಬ ಸ್ವರಗುಚ್ಛಗಳ ಮೇಲೆ ಸೋಲೊ, ಆಮೇಲೆ ಅವರು ನುಡಿಸಿದ ತುಣುಕನ್ನು ಕೇಳಿ ತಿರುಗಿ ನುಡಿಸುವುದು. "ಅದು ಸುಲಭ ಆಂಟಿ, ಅಪ್ಪ ದಿನಾ ಹಾಗೇ ಅಲ್ವಾ ಕಲಿಸಿದ್ದು." ಕಷ್ಟವಾದದ್ದು ಕೊನೆಗೆ, ಸ್ವರ ಬರೆದ ಕಾಗದ ಕೊಟ್ಟು ನೋಡಿಕೊಂಡು ಓದಿ ನುಡಿಸು ಎಂದಾಗ. ಅರ್ಧವೇ ಸಿಕ್ಕಿದ್ದು ಅದಕ್ಕೇ ಎಂದು ಅವಳ ಅಂದಾಜು. ಇರಬಹುದು, ಇಲ್ಲದಿರಬಹುದು. ಅವರು ಕಾರಣ ಹೇಳುವುದಿಲ್ಲವಂತೆ.

ಇವಳ ತಲೆಗೆ ಜಾಝ್ ಹತ್ತಿದ್ದು ಅಮೆರಿಕದ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪನಿಂದ. ಕನ್ನಡದ ಅಪ್ಪ ಅಮ್ಮನ ಮಗ, ಬೆಳೆದದ್ದು ಕೊಲೊರಾಡೊದಲ್ಲಿ, ಓದಿದ್ದು ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ. ಅಣ್ಣ ತಮಾಷೆಗೆಂದು ಕೊಟ್ಟ ಆಲ್ಬಂನಲ್ಲಿ ನಮ್ಮ ಕದ್ರಿ ಗೋಪಾಲನಾಥರನ್ನು ಕೇಳಿ ಬೆರಗಾದವನು, ಕೊನೆಗೆ 2007ರ ಗುಗೆನ್‌ಹೈಮ್ ಫೆಲೋಶಿಪ್ ಹಿಡಿದು ಅವರ ಹತ್ತಿರವೇ ಬಂದ. ಮರುವರ್ಷ ಇಬ್ಬರದೂ ಸೇರಿ ಆಲ್ಬಂ ಬಂತು. ಸಜಿಪಮೂಡದ ನಾಗಸ್ವರದವರ ಮಗನಾದ ಕದ್ರಿಯವರ ಹತ್ತಿರ ಕಲಿಯಲು ಅಮೆರಿಕದ ದುಡ್ಡು!

"ಅವರಿಗೆ ಇಲ್ಲಿಗೆ ಬರಲು ಫೆಲೋಶಿಪ್, ನನಗೆ ಅಲ್ಲಿಗೆ ಹೋಗಲು ಅಪ್ಪನ ಜಾಗ ಅಡವು" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ತೊಶಿಕೊ ಅಕಿಯೋಶಿಯ ಕಥೆಯನ್ನೂ ಅವಳೇ ಹೇಳಿದ್ದು. 1953ರಲ್ಲಿ ಟೋಕಿಯೋದಲ್ಲಿ ಆಕೆಯ ಪಿಯಾನೊ ಕೇಳಿ ಹೆಸರಾಂತ ಜಾಝ್ ಪಿಯಾನಿಸ್ಟ್ ಆಸ್ಕರ್ ಪೀಟರ್ಸನ್ ಮೆಚ್ಚಿದ, 1956ರಲ್ಲಿ ಬರ್ಕ್ಲಿಯವರು ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಂಡರು. ಆಮೇಲೆ ಅಮೆರಿಕದ ಟೀವಿಯಲ್ಲಿ ಆಕೆ ಕಿಮೊನೊ ಉಟ್ಟು ಕೂತಿದ್ದಳಂತೆ. ಜನರಿಗೆ ಪಿಯಾನೊಗಿಂತ ಜಪಾನಿ ಹೆಂಗಸು ಎಂಬುದೇ ಸೋಜಿಗ. "ನೀನು ಕಾಂಜೀವರಂ ಉಟ್ಟುಕೊಂಡು ಹೋಗು, ಇನ್ನರ್ಧವೂ ಮಾಫಿ ಆದೀತು" ಎಂದೆ. ಮುಖ ಊದಿಸಿಕೊಂಡಳು. ವಿಯೆನ್ನಾದ ಪಿಯಾನಿಸ್ಟ್ ಜೋ ಝಾವಿನುಲ್ 1959ರಲ್ಲಿ ಅದೇ ಬರ್ಕ್ಲಿಯ ಸ್ಕಾಲರ್‌ಶಿಪ್ಪಿನಲ್ಲಿ ಹೋಗಿ, ಬೇಗನೇ ಕಾಲೇಜು ಬಿಟ್ಟು ಮೇನಾರ್ಡ್ ಫರ್ಗ್ಯೂಸನ್ನನ ಬ್ಯಾಂಡು ಸೇರಿಬಿಟ್ಟನಂತೆ. ಇದನ್ನು ಅಪ್ಪನಿಗೆ ಹೇಳಬೇಡ ಎಂದು ನಾನೇ ತಾಕೀತು ಮಾಡಿದೆ. ಈಗ ವೀಸಾದವರು ಅದಕ್ಕೆಲ್ಲ ಬಿಡುವುದೂ ಇಲ್ಲ. ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ, ಅಷ್ಟೇ.

ಯುರೋಪು ಯಾಕೆ ನೋಡಲಿಲ್ಲ ಎಂದು ಕೇಳಿದೆ. ಜರ್ಮನಿಯ ಸರಕಾರಿ ಸಂಗೀತ ಕಾಲೇಜುಗಳಲ್ಲಿ ಹೆಚ್ಚಿನ ಕಡೆ ಫೀಸೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಾದರೆ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ಖರ್ಚಿಗೆಂದು ವರ್ಷಕ್ಕೆ 11,904 ಯೂರೋ ಮೊದಲೇ ಖಾತೆಯಲ್ಲಿ ಕಟ್ಟಿಡಬೇಕು, ಅದು ನಮ್ಮ 11 ಲಕ್ಷದ ಮೇಲೆ. ಆದರೂ 40 ಎಲ್ಲಿ, 11 ಎಲ್ಲಿ? "ಜರ್ಮನ್ ಕಲಿಯಬೇಕಲ್ಲ ಆಂಟಿ." ಕಲಿ ಮಾರಾಯ್ತಿ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಟೀವಿಯಲ್ಲಿ ಹಿಂದಿ ಕಲಿತವಳಿಗೆ ಅದೊಂದು ಭಾರವಾ?

ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನ ಸಂಗೀತ ಕಾಲೇಜಿನ ಹೆಸರೂ ಬಂತು. ಅಲ್ಲಿಯ ಭಾರತೀಯ ಸಂಗೀತ ವಿಭಾಗಕ್ಕೆ ಹರಿಪ್ರಸಾದ್ ಚೌರಾಸಿಯಾ ಮುಖ್ಯಸ್ಥರಾಗಿದ್ದರು, ಜಾಝ್ ವಿಭಾಗವೂ ಅದೇ ಸಂಸ್ಥೆಯಲ್ಲಿ. ಅವಳನ್ನು ಕರೆದೊಯ್ಯಲು ಬಂದ ಸುಂದರಣ್ಣ ಇದನ್ನು ಕೇಳಿದ್ದೇ ಮೆಟ್ಟಿಲಲ್ಲೇ ಕೂತರು. "ಚೌರಾಸಿಯಾ ಕಲಿಸಿದ ಜಾಗ ಅಂದರೆ ಕಳಿಸಬಹುದು." ಸ್ವಾತಿ ನನ್ನ ಮುಖ ನೋಡಿದಳು. ಈ ವರ್ಷದ ಸೀಟು ಬಿಟ್ಟು ಮತ್ತೊಂದು ವರ್ಷ ಕಾಯುವುದೆಂದರೆ ಅವಳಿಗೆ ಏನು ಎಂದು ಸುಂದರಣ್ಣನಿಗೆ ಹೇಗೆ ತಿಳಿಸುವುದು? ನನಗೂ ಹದಿನೆಂಟು ವರ್ಷ ಆಗಿತ್ತು ಒಂದು ಕಾಲದಲ್ಲಿ.

ಹೊರಡುವಾಗ ಸುಂದರಣ್ಣ ಮೆಲ್ಲಗೆ ಕೇಳಿದರು, "ಅದನ್ನು ಕಲಿತು ಬಂದು ಇಲ್ಲಿ ಯಾರೆದುರು ಊದುವುದು ಅಕ್ಕ?" ಊರಿಗೆ ಬಂದೇ ಬರುತ್ತಾಳೆ ಎಂದು ಅವರು ಯಾಕೆ ಅಂದುಕೊಂಡಿದ್ದಾರೋ.

ಮೇ 1ರೊಳಗೆ ಉತ್ತರ ಕೊಡಬೇಕು. ನಾಳೆ ಅವರಿಗೆ ಒಂದು ಮದುವೆಯಲ್ಲಿ ಊದುವುದುಂಟು, ಸೋಮವಾರ ಬಿಸು ಹಬ್ಬ, ಬ್ಯಾಂಕೂ ರಜೆ. ಮಂಗಳವಾರ ಹೋಗಿ ಮೊದಲು ಜಾಗದ ವಿಷಯ ಕೇಳಬೇಕು. ಕನ್ವರ್ಶನ್ ಆಗಿದೆಯಂತೆ, ಪಂಚಾಯತಿನ ಖಾತೆ, ಆ 9/11 ಫಾರ್ಮು, ಆಗಿಲ್ಲ, ಆರ್‌ಟಿಸಿ ಇನ್ನೂ ಅಜ್ಜನ ಹೆಸರಲ್ಲೇ ಉಂಟು. ಹಾಗಾದರೆ ತಮ್ಮಂದಿರಿಬ್ಬರ ಸಹಿಯೂ ಬೇಕು, ಅದರಲ್ಲಿ ಸಣ್ಣವನು ಮುಂಬೈಯಲ್ಲಿ, ಅವನಿಗೂ ಸುಂದರಣ್ಣನಿಗೂ ಅಜ್ಜಿಯ ಉತ್ತರಕ್ರಿಯೆಯ ನಂತರ…